ಶನಿವಾರದ ಮ್ಯಾಚು ಭಾನುವಾರಕ್ಕೆ ಹೋಯಿತು

ಲಿವರ್‌ಪೂಲ್ ತಂಡದ ಫುಟ್‌ಬಾಲ್ ಮ್ಯಾಚು ನೋಡೋಕೆ ಅಂತ ಇಂಗ್ಲೆಂಡಿಗೆ ಹೊರಡೋಕೆ ಇನ್ನು ಕೆಲವೇ ವಾರ ಇತ್ತು. ರಾತ್ರಿ ಗೆಳೆಯ ಫೋನ್ ಮಾಡಿದ. "ಲೋ, ನಿನ್ನ ಮ್ಯಾಚು ಶನಿವಾರ ಇಲ್ಲ ಕಣೋ. ಭಾನುವಾರಕ್ಕೆ ಹಾಕಿದ್ದಾರೆ." ಹೀಥ್ರೂದಿಂದ ನನ್ನ ವಾಪಸ್ ವಿಮಾನ ಇದ್ದದ್ದೂ ಅದೇ ಭಾನುವಾರ ಸಂಜೆ.

2005ರಲ್ಲಿ ಇಸ್ತಾನ್‌ಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದ್ದು ಹಾಸ್ಟೆಲ್ ಟಿವಿಯಲ್ಲಿ. ಅರ್ಧ ಸಮಯಕ್ಕೆ ಲಿವರ್‌ಪೂಲ್ 3–0 ಹಿಂದೆ ಬಿದ್ದಾಗ ಮುಕ್ಕಾಲು ಜನ ಎದ್ದು ಮಲಗೋಕೆ ಹೋದರು. ನಾನು ಕೂತೇ ಇದ್ದೆ. ಆ ಮೂರು ಗೋಲೂ ತೀರಿಸಿ ಲಿವರ್‌ಪೂಲೇ ಕಪ್ ಗೆದ್ದಿತು. ಆವತ್ತಿನಿಂದ ಲಿವರ್‌ಪೂಲ್ ಹುಚ್ಚು ಬಿಟ್ಟಿಲ್ಲ. ಅವರ ಮನೆ ಮೈದಾನ ಆನ್‌ಫೀಲ್ಡ್‌ನಲ್ಲಿ ಒಂದು ಮ್ಯಾಚು ನೋಡಬೇಕು ಅನ್ನೋ ಆಸೆ ತೀರೋಕೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅದರಲ್ಲಿ ದುಡ್ಡು ಕೂಡಿಡೋದಕ್ಕಿಂತ ಟಿಕೆಟ್ ಸಿಗೋದೇ ಜಾಸ್ತಿ ಕಷ್ಟ.

ಟಿಕೆಟ್ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಮೈದಾನದಲ್ಲಿ ಹತ್ತಿರ ಹತ್ತಿರ 61,000 ಸೀಟು ಇದ್ದರೂ ಕೌಂಟರಿಗೆ ಹೋಗಿ ಟಿಕೆಟ್ ತಗೊಳ್ಳೋ ಹಾಗಿಲ್ಲ. ಮೊದಲು ದುಡ್ಡು ಕೊಟ್ಟು ಕ್ಲಬ್ಬಿನ ಸದಸ್ಯರಾಗಬೇಕು. ಆಮೇಲೆ ಸೀಸನ್ನಿನ ಎರಡು ಅರ್ಧಕ್ಕೂ ಬೇರೆ ಬೇರೆ ಲಾಟರಿ ಎತ್ತುತ್ತಾರೆ, ಅದಕ್ಕೆ ಹೆಸರು ಕೊಡಬೇಕು. ಮೊದಲ ಅರ್ಧದಲ್ಲಿ ನನಗೆ ಸೊನ್ನೆ. ಎರಡನೇ ಅರ್ಧಕ್ಕೆ ಎದುರಾಳಿ ಯಾರು ಅಂತ ನೋಡದೆ ಎಲ್ಲ ಮ್ಯಾಚಿಗೂ ಹೆಸರು ಕೊಟ್ಟೆ. ಸಿಕ್ಕಿದ್ದು ಒಂದೇ, ವುಲ್ವ್ಸ್ ತಂಡದ ವಿರುದ್ಧದ್ದು. ಬೆಲೆ ಅರವತ್ತು ಪೌಂಡಿನ ಆಸುಪಾಸು. ಲಾಟರಿ ಹೊಡೆಯದಿದ್ದರೆ ಊಟ, ಲೌಂಜ್ ಎಲ್ಲ ಸೇರಿದ ಹಾಸ್ಪಿಟಾಲಿಟಿ ಪ್ಯಾಕೇಜ್ ಇದೆ, ಆದರೆ ನೂರಾರು ಪೌಂಡ್.

ಮೂರನೆಯವರ ಹತ್ತಿರ ಮಾತ್ರ ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಕ್ಲಬ್ಬಿನ ಅನುಮತಿಯಿಲ್ಲದೆ ಮಾರೋದು 1994ರ ಕಾಯ್ದೆ ಪ್ರಕಾರ ಅಪರಾಧ. ಬ್ಲಾಕ್‌ನಲ್ಲಿ ಕೊಂಡ ನನ್ನ ಪರಿಚಯದವನೊಬ್ಬ ಗೇಟಿನ ಹತ್ತಿರ ಹೋದಾಗ ಫೋನಿನಲ್ಲಿದ್ದ ಟಿಕೆಟ್ ಕೆಲಸ ಮಾಡಲಿಲ್ಲ. ಮ್ಯಾಚು ಪಕ್ಕದ ಪಬ್ಬಿನ ಟಿವಿಯಲ್ಲಿ ನೋಡಿ ಬಂದ.

ವೀಸಾ ಅಷ್ಟೇನೂ ತಲೆನೋವಾಗಲಿಲ್ಲ. ಮಾಮೂಲಿ ವಿಸಿಟರ್ ವೀಸಾ. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ, ಮ್ಯಾಚ್ ಟಿಕೆಟ್ಟಿನ ಮೇಲ್ ಎಲ್ಲ ಲಗತ್ತಿಸಿದೆ. ಬೆರಳಚ್ಚು ಕೊಟ್ಟು ಬಂದು ಸುಮ್ನೆ ಕಾದೆ.

ನಾನು ಎಡವಿದ್ದು ದಿನಾಂಕದಲ್ಲಿ. ಪ್ರೀಮಿಯರ್ ಲೀಗಿನ ವೇಳಾಪಟ್ಟಿ ಜೂನ್‌ನಲ್ಲೇ ಬರುತ್ತೆ ನಿಜ. ಆದರೆ ಅದು ಪಂಚಾಂಗ ಅಲ್ಲ, ಬರೀ ಅಂದಾಜು. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆ ಮ್ಯಾಚುಗಳನ್ನು ಟಿವಿಯಲ್ಲಿ ನೇರಪ್ರಸಾರ ಮಾಡೋ ಹಾಗಿಲ್ಲ. ಹಾಗಾಗಿ ಚಾನೆಲ್‌ಗಳು ಆರಿಸಿದ ಮ್ಯಾಚುಗಳನ್ನು ಶುಕ್ರವಾರ ರಾತ್ರಿಗೋ ಭಾನುವಾರಕ್ಕೋ ಸೋಮವಾರಕ್ಕೋ ಎತ್ತಿ ಹಾಕ್ತಾರೆ. ನನ್ನ ಮ್ಯಾಚು ಪಟ್ಟಿಯಲ್ಲಿ 2025ರ ಫೆಬ್ರವರಿ 15, ಶನಿವಾರ ಅಂತಿತ್ತು. ಆಮೇಲೆ 16, ಭಾನುವಾರ 2 ಗಂಟೆಗೆ ಹೋಯಿತು. ಮ್ಯಾಚು ಮುಗಿಯೋದೇ 4ಕ್ಕೆ. ಅಲ್ಲಿಂದ ಲಂಡನ್ನಿನ ಯೂಸ್ಟನ್‌ಗೆ ರೈಲಿನಲ್ಲೇ ಎರಡು ಗಂಟೆಗೂ ಮೇಲೆ. ವಿಮಾನದ ದಿನ ಬದಲಾಯಿಸೋಕೆ ಹದಿನಾಲ್ಕು ಸಾವಿರ ರೂಪಾಯಿ ಕೈಬಿಟ್ಟಿತು. ಅಗ್ಗಕ್ಕೆ ಸಿಗುತ್ತೆ ಅಂತ ಮುಂಗಡ ತೆಗೆದಿದ್ದ ರೈಲು ಟಿಕೆಟ್ಟೂ ಅದೇ ಒಂದು ರೈಲಿಗೆ ಮಾತ್ರ ನಡೆಯೋದು, ಅದಕ್ಕೂ ಬೇರೆ ದುಡ್ಡು ಕಟ್ಟಿದೆ.

ಈಗಾದರೆ ಗುರುವಾರ ಇಳಿದು ಮಂಗಳವಾರ ಹೊರಡ್ತೀನಿ. ಲಂಡನ್ ಸಹವಾಸವೂ ಬೇಡ. ಗಲ್ಫ್ ಮೇಲಿಂದ ಮ್ಯಾಂಚೆಸ್ಟರ್‌ಗೆ ಹೋದರೆ ವಿಮಾನ ನಿಲ್ದಾಣದಿಂದಲೇ ಲಿವರ್‌ಪೂಲ್ ಲೈಮ್ ಸ್ಟ್ರೀಟಿಗೆ ರೈಲಿದೆ.

ಹಾಗೆ ಖಾಲಿ ಬಿದ್ದ ಶನಿವಾರ ಸ್ಟಾನ್ಲಿ ಪಾರ್ಕಿನಲ್ಲಿ ಸುತ್ತಾಡಿದೆ. ಪಾರ್ಕಿನ ಈ ಕಡೆ ಆನ್‌ಫೀಲ್ಡ್, ಆ ಕಡೆ ಅದೇ ಊರಿನ ಇನ್ನೊಂದು ತಂಡ ಎವರ್ಟನ್ನಿನ ಆಗಿನ ಮೈದಾನ ಗೂಡಿಸನ್ ಪಾರ್ಕ್. ನಮ್ಮಲ್ಲಿ ಎರಡು ಬದ್ಧ ವೈರಿಗಳ ಮನೆ ಒಂದೇ ಕಾಂಪೌಂಡಿಗೆ ತಾಗಿಕೊಂಡ ಹಾಗೆ. ಮೂರು ದಿನದ ಹಿಂದಷ್ಟೇ ಗೂಡಿಸನ್‌ನಲ್ಲಿ ಈ ಎರಡು ತಂಡಗಳ ಕೊನೆಯ ಡರ್ಬಿ, ಅಂದ್ರೆ ಒಂದೇ ಊರಿನವರ ಮ್ಯಾಚು, ಮುಗಿದಿತ್ತು. 98ನೇ ನಿಮಿಷದಲ್ಲಿ ಎವರ್ಟನ್ನಿನ ಟಾರ್ಕೋವ್ಸ್ಕಿ ಹೊಡೆದು 2–2 ಮಾಡಿದ್ದ. ಊರಲ್ಲಿ ಎಲ್ಲಿ ಹೋದರೂ ಅದೇ ಮಾತು.

ಭಾನುವಾರ ಪೇಟೆಯಿಂದ ಮೈದಾನಕ್ಕೆ ಬಸ್ ಹಿಡಿದೆ. ಎರಡೂ ತಂಡದ ಬಣ್ಣ ಅರ್ಧರ್ಧ ಇರೋ ಸ್ಕಾರ್ಫ್ ಬೀದಿಯಲ್ಲಿ ಮಾರ್ತಾ ಇದ್ದರು. ಅದನ್ನು ಮಾತ್ರ ಕೊಳ್ಳಬೇಡಿ, ಅಲ್ಲಿನವರಿಗೆ ಕಂಡರಾಗದು. ಮೇನ್ ಸ್ಟ್ಯಾಂಡಿನ ಹೊರಗೆ ಹಿಲ್ಸ್‌ಬರೋ ಸ್ಮಾರಕ ಇದೆ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಸತ್ತ 97 ಲಿವರ್‌ಪೂಲ್ ಅಭಿಮಾನಿಗಳ ಹೆಸರು. ಹೆಸರಿನ ಪಕ್ಕದಲ್ಲಿ ವಯಸ್ಸೂ ಕೆತ್ತಿದ್ದಾರೆ. ಹದಿನೈದು, ಹದಿನೇಳು, ಹದಿನೆಂಟು. ಒಬ್ಬರು ಅಜ್ಜಿ ಒಂದು ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದರು. ಫೋಟೋ ತೆಗೆಯೋಕೆ ಎತ್ತಿದ್ದ ಫೋನನ್ನು ಜೇಬಿಗೆ ಹಾಕಿಕೊಂಡೆ.

ಗೇಟಿನಲ್ಲಿ ಕಾಗದದ ಟಿಕೆಟ್ ಇಲ್ಲ, ಫೋನನ್ನು ಯಂತ್ರಕ್ಕೆ ತಾಗಿಸಬೇಕು. ಚಳಿಗೆ ನನ್ನ ಬ್ಯಾಟರಿ ಸರಸರನೆ ಇಳಿದು 9 ಪರ್ಸೆಂಟಿಗೆ ಬಂದಿತ್ತು. ಗ್ಲೌಸ್ ಬಿಚ್ಚಿ, ನಡುಗುವ ಕೈಯಲ್ಲಿ ತಾಗಿಸಿ, ಹಸಿರು ದೀಪ ಬರೋತನಕ ಉಸಿರೇ ಬಿಡಲಿಲ್ಲ. ಪವರ್‌ಬ್ಯಾಂಕ್ ಇಲ್ಲದೆ ಹೋಗಬೇಡಿ. ಒಳಗೆ ಬಿಯರ್ ಸಿಗುತ್ತೆ, ಆದರೆ ಮೈದಾನ ಕಾಣುವ ಜಾಗಕ್ಕೆ ತರೋ ಹಾಗಿಲ್ಲ. ಹಾಗಾಗಿ ಆಟ ಶುರುವಾಗೋವರೆಗೂ ಎಲ್ಲರೂ ಮೆಟ್ಟಿಲ ಹಿಂದೆಯೇ ಗುಂಪುಗಟ್ಟಿ ಕುಡೀತಾ ಇರ್ತಾರೆ.

15ನೇ ನಿಮಿಷಕ್ಕೆ ಲಿವರ್‌ಪೂಲಿನ ದಿಯಾಸ್ ಗೋಲು, 37ಕ್ಕೆ ಸಲಾಹ್ ಪೆನಾಲ್ಟಿ. ಪಕ್ಕದ ಸೀಟಿನ ಹಿರಿಯರು ನನ್ನನ್ನು ಅಪ್ಪಿಕೊಂಡೇ ಬಿಟ್ಟರು. ಆಮೇಲೆ "ಎಲ್ಲಿಂದ ಬಂದೆ, ಲ್ಯಾಡ್?" ಅಂತ ಕೇಳಿದರು. ಬೆಂಗಳೂರು ಅಂದೆ. ನಲವತ್ತು ವರ್ಷದಿಂದ ಸೀಸನ್ ಟಿಕೆಟ್ ಇಟ್ಟುಕೊಂಡಿರೋ ಮನುಷ್ಯ. ಚೀಲದಲ್ಲಿದ್ದ ಕೋಡುಬಳೆ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತಗೊಂಡರು.

ಎರಡನೇ ಅರ್ಧದಲ್ಲಿ ಲಿವರ್‌ಪೂಲ್ ಗೋಲಿನ ಕಡೆಗೆ ಒಂದೇ ಒಂದು ಶಾಟ್ ಹೊಡೆಯಲಿಲ್ಲ. 67ಕ್ಕೆ ಕುನ್ಯಾ ವುಲ್ವ್ಸ್‌ಗೆ ಒಂದು ಗೋಲು ಹೊಡೆದ. ಮಿಕ್ಕ ಇಪ್ಪತ್ತು ಚಿಲ್ಲರೆ ನಿಮಿಷ ಇಡೀ ಸ್ಟ್ಯಾಂಡು ಗಡಿಯಾರ ನೋಡ್ತಾ ಉಗುರು ಕಚ್ಚಿತು. 2–1ಕ್ಕೆ ಸೀಟಿ ಊದಿದಾಗ ಹಿರಿಯರು ಟೋಪಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಈ ಆಟ ನೋಡೋಕೆ ಅಷ್ಟು ದೂರದಿಂದ ಬಂದ್ಯಾ? ಪಾಪ."