ಲಾಯಲ್‌ಪುರದಿಂದ ಸವಣೂರಿಗೆ ಪತ್ರ ಮುಟ್ಟಿಸಿದ್ದು

ನಾನು ಪಾಕಿಸ್ತಾನದವರ ಕೈಗೆ ಸೆರೆ ಸಿಕ್ಕ ಕಥೆ ನಮ್ಮ ಮಾಜಿ ಸೈನಿಕರಿಗೆಲ್ಲ ಗೊತ್ತೇ ಇದೆ. 1971ರ ಡಿಸೆಂಬರಿನ ಯುದ್ಧ, ಜಮ್ಮು ಗಡಿಯ ಛಂಬ್, ಮುನವ್ವರ್ ತವಿ ಹೊಳೆಯ ದಂಡೆ, ಟೆಲಿಫೋನ್ ಲೈನ್ ಜೋಡಿಸಲು ಹೋದ ನಾವು ಮೂವರು. ಅಷ್ಟು ಸಾಕು. ಪಾಕಿಸ್ತಾನದ ಲಾಯಲ್‌ಪುರ ಕ್ಯಾಂಪಿನಿಂದ ಅವ್ವನಿಗೆ ಪತ್ರ ಹೇಗೆ ಮುಟ್ಟಿಸಿದೆ ಅನ್ನುವುದನ್ನು ಮಾತ್ರ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಮ್ಮ ಬ್ಯಾರಕ್ಕಿನ ಕನ್ನಡದ ಹುಡುಗರಲ್ಲಿ ಮೊದಲು ಉತ್ತರ ತರಿಸಿಕೊಂಡವನು ನಾನೇ.

ಮನೆಗೆ ‘ಕಾಣೆಯಾಗಿದ್ದಾನೆ’ ಅಂತ ತಂತಿ ಹೋಗಿತ್ತಂತೆ. ಅವ್ವನಿಗೆ ತಿಂಗಳಿಗೆ ಹೋಗುತ್ತಿದ್ದ 70 ರೂಪಾಯಿ ಅದೇ ನೆವದಲ್ಲಿ ಒಂದು ದಫ್ತರಿನಲ್ಲಿ ಸಿಕ್ಕಿಕೊಂಡಿತ್ತು. ಮಗನೂ ಇಲ್ಲ, ಮನಿಯಾರ್ಡರೂ ಇಲ್ಲ.

ನಿಯಮದ ಪ್ರಕಾರ ಕೈದಿಗೆ ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡು. ಬರೆಯಲು ಅಡ್ಡಿ ಇರಲಿಲ್ಲ. ಆದರೆ ಸೆನ್ಸಾರ್ ಮಾಡುವವರಿಗೆ ಕನ್ನಡ ಬರಬೇಕಲ್ಲ! ಮೊದಲ ಮೂರು ಪತ್ರ ಕನ್ನಡದಲ್ಲೇ ಬರೆದೆ. ಒಂದು ದಿನ ಆಫೀಸು ಕೋಣೆಯ ಕಸ ಗುಡಿಸಲು ಹಾಕಿದರು. ನೋಡಿದರೆ ಮೂರೂ ಮೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿವೆ. ನಾಲ್ಕನೆಯದನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕೊಟ್ಟೆ. ಗುಪ್ತ ಭಾಷೆ ಅಂತ ತಿಳಿದು ಎರಡು ತಾಸು ನಿಲ್ಲಿಸಿ ಕೇಳಿದರು.

ಆಗ ಉರ್ದು ಹೊಳೆಯಿತು. ಪಕ್ಕದಲ್ಲಿದ್ದ ಗದಗಿನವನು ನಕ್ಕ. “ಲೇ, ನಿಮ್ಮವ್ವಗ ಕನ್ನಡಾನ ಓದಾಕ ಬರಂಗಿಲ್ಲ. ಉರ್ದು ಯಾರು ಓದತಾರೋ?” ಅವನಿಗೆ ಸವಣೂರು ಗೊತ್ತಿರಲಿಲ್ಲ. ನವಾಬರ ಊರದು. ಎಲೆ ಅಂಗಡಿಯ ಚಾಚಾ ಗಲ್ಲೆಯ ಮೇಲೆ ಉರ್ದು ಪೇಪರ್ ಹರಡಿಕೊಂಡೇ ಕೂಡುತ್ತಿದ್ದರು. ಅವ್ವ ಸಂತೆಗೆ ಹೋದಾಗ ಎಲೆಅಡಿಕೆ ಕೊಳ್ಳುತ್ತಿದ್ದುದು ಅಲ್ಲೇ.

ಮಾತು ನನಗೆ ಬರುತ್ತಿತ್ತು. ನಮ್ಮ ಕಡೆಯ ‘ನಕ್ಕೋ’ ಉರ್ದು ಕೇಳಿ ಕಾವಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಅಕ್ಷರ ಮಾತ್ರ ಬರುತ್ತಿರಲಿಲ್ಲ. ನಮ್ಮಲ್ಲೇ ಒಬ್ಬ ಪಂಜಾಬಿ ಹವಾಲ್ದಾರರಿದ್ದರು, ದೇಶ ಒಡೆಯುವ ಮೊದಲು ಉರ್ದು ಶಾಲೆಗೆ ಹೋದವರು. ಫೀಸು ದಿನಕ್ಕೆ ಎರಡು ಸಿಗರೇಟು. ಯುದ್ಧ ಕೈದಿಗಳ ಬಗೆಗಿನ ಜಿನೀವಾ ಒಪ್ಪಂದದ ಲೆಕ್ಕಕ್ಕೆ ಸಾದಾ ಸಿಪಾಯಿಗೆ ತಿಂಗಳಿಗೆ 8 ಸ್ವಿಸ್ ಫ್ರಾಂಕ್ ಮುಂಗಡ. ಕೈಗೆ ಬರುವಾಗ ಅದು ಸಾಬೂನು, ಸಿಗರೇಟು ಆಗಿರುತ್ತಿತ್ತು. ನಾನು ಸೇದುವವನಲ್ಲ. ಆದರೂ ಸಾಬೂನು ಕೊಟ್ಟು ಸಿಗರೇಟು ಕೊಂಡೆ. ಎರಡು ತಿಂಗಳು ಬರೀ ನೀರಿನ ಸ್ನಾನ!

ನಡುವೆ ಸುಮ್ನೆ ಇರಲಾರದೆ ಉರ್ದು ಅಕ್ಷರದಲ್ಲಿ ಕನ್ನಡ ಬರೆದು ನೋಡಿದೆ. ಅದರಲ್ಲಿ ‘ಳ’ ಇಲ್ಲ. ಹುಬ್ಬಳ್ಳಿ ಹೋಗಿ ಹುಬ್ಬಲ್ಲಿ ಆಯಿತು. ಹವಾಲ್ದಾರರು ಅದನ್ನು ಜೋರಾಗಿ ಓದಿ ನಗಿಸಿದರು. ಅಡುಗೆ ಪಾಳಿಯಲ್ಲಿ ಗೋಧಿ ಹಿಟ್ಟಿನ ರೊಟ್ಟಿ ಬಡಿಯಲೂ ನೋಡಿದೆ. ಅದು ಬಡಿದಷ್ಟೂ ಮುದುಡಿಕೊಂಡಿತು.

ಏಪ್ರಿಲ್ ಕೊನೆಗೆ ನನ್ನ ಕೈಯಾರೆ ಏಳು ಸಾಲು ಬರೆದೆ. ವಿಳಾಸ ಚಾಚಾನ ಅಂಗಡಿಯದು: ಸವಣೂರು, ಜಿಲ್ಲಾ ಧಾರವಾಡ, ಮೈಸೂರು ರಾಜ್ಯ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರಿರಲಿಲ್ಲ, ಪಿನ್ ಕೋಡೂ ಬಂದಿರಲಿಲ್ಲ. ಅವ್ವ ನಂಬಬೇಕಲ್ಲ? ‘ಮಠದ ದೊಡ್ಡ ಹುಣಸೆ ಮರದಿಂದ ಬಿದ್ದು ಮೊಣಕಾಲು ಒಡೆದುಕೊಂಡವನು’ ಅಂತ ಸೇರಿಸಿದೆ. ಯಾವ ಊರಲ್ಲಿದ್ದೇನೆ ಅನ್ನುವುದನ್ನೂ ಅದೇ ಏಳು ಸಾಲಿನಲ್ಲಿ ಕತ್ತರಿ ಬೀಳದಂತೆ ಸೇರಿಸಿದ್ದೆ. ಅದು ಹೇಗೆ ಅಂತ ಹೇಳುವುದಿಲ್ಲ. ಮೊಮ್ಮಗನಿಗೂ ಹೇಳಿಲ್ಲ.

ಹೆಚ್ಚುಕಡಿಮೆ ಎರಡೂವರೆ ತಿಂಗಳಿಗೆ ಉತ್ತರ ಬಂತು, ಉರ್ದುವಿನಲ್ಲೇ. ಎಮ್ಮೆ ಈದಿದೆ, ಹೆಣ್ಣು ಕರು. ನನ್ನ ಪತ್ರ ಹಿಡಿದುಕೊಂಡು ಚಾಚಾ ತಾವೇ ದಫ್ತರಿಗೆ ಹೋಗಿದ್ದರಂತೆ. ನಿಂತ ಹಣ, ನಾನೂರು ಚಿಲ್ಲರೆ, ಒಂದೇ ಗಂಟಿಗೆ ಬಿಡುಗಡೆಯಾಗಿತ್ತು. ನಕ್ಕಿದ್ದ ಗದಗಿನವನು ಆ ರಾತ್ರಿ ತನ್ನೂರಿನ ಅತ್ತರ್ ಅಂಗಡಿಯೊಂದರ ವಿಳಾಸ ಹಿಡಿದು ನನ್ನ ಹತ್ತಿರ ಬಂದ. ಐದು ಸಿಗರೇಟು ತೆಗೆದುಕೊಂಡೇ ಬರೆದುಕೊಟ್ಟೆ. ಸ್ನೇಹ ಬೇರೆ, ಸಾಬೂನು ಬೇರೆ.

1972ರ ಡಿಸೆಂಬರ್ 1ಕ್ಕೆ ವಾಘಾ ದಾಟಿದೆವು. ರಜೆ ಸಿಕ್ಕ ಮೇಲೆ ಅವ್ವನ ಜೊತೆ ಮೊದಲು ಹೋದದ್ದು ಎಲೆ ಅಂಗಡಿಗೆ. ಚಾಚಾ ನನ್ನ ಪತ್ರಗಳನ್ನೆಲ್ಲ ಗಲ್ಲೆಯಲ್ಲೇ ಇಟ್ಟಿದ್ದರು. ಮೊದಲನೆಯದನ್ನು ಬಿಡಿಸಿ ತೋರಿಸಿದರು. ಏಳು ಸಾಲಿನಲ್ಲಿ ಹದಿನಾಲ್ಕು ತಪ್ಪು. ಎಲ್ಲವನ್ನೂ ಕೆಂಪು ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದರು.