ನಮ್ಮ ಡಿಪೋಗೆ ಬಯೋಡೀಸೆಲ್ ಬಂದಾಗ

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಬೀಜದ ಎಣ್ಣೆ, ಕರಿದ ಎಣ್ಣೆಗಳಿಂದ ಮಾಡಿ ಡೀಸೆಲ್‌ಗೆ ಬೆರೆಸುವ ಇಂಧನ, ಬಯೋಡೀಸೆಲ್, ನನಗೆ ಮೊದಲು ಗೊತ್ತಾಗಿದ್ದು ಮೂಗಿನಿಂದ. ಬಸ್ ಸ್ಟಾರ್ಟ್ ಮಾಡಿದರೆ ಬೋಂಡಾ ಕರಿದ ವಾಸನೆ! ಬೆಳಗಿನ ಶಿಫ್ಟಿನ ಕಂಡಕ್ಟರುಗಳು ಮೂಗರಳಿಸಿ, 'ಅಣ್ಣಾ, ಚಟ್ನಿ ಎಲ್ಲಿ?' ಅನ್ನುತ್ತಿದ್ದರು.

2015ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಾರಿಗೆ ನಿಗಮಗಳಂಥ ದೊಡ್ಡ ಗ್ರಾಹಕರಿಗೆ ಬಯೋಡೀಸೆಲ್ ನೇರವಾಗಿ ಮಾರಲು ಅನುಮತಿ ಕೊಟ್ಟಿತ್ತು. ನಮ್ಮಲ್ಲಿ ಹಾಕಿದ್ದು ಬಿ20, ಅಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಬಯೋಡೀಸೆಲ್, ಉಳಿದದ್ದು ಮಾಮೂಲಿ ಡೀಸೆಲ್.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಹೊಗೆ ಕಮ್ಮಿ, ಇಂಜಿನ್ ಸದ್ದೂ ಸ್ವಲ್ಪ ಮೆತ್ತಗೆ. ಎರಡನೇ ವಾರದಿಂದ ಫೋನ್ ಶುರುವಾಯಿತು. 'ಅಣ್ಣಾ, ಪಿಕಪ್ ಇಲ್ಲ, ದಿಬ್ಬ ಹತ್ತುತ್ತಿಲ್ಲ.' ಹೋಗಿ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕಾಡಿಗೆಯಂಥ ಗಸಿ. ಬೆರಳಲ್ಲಿ ತೆಗೆದರೆ ಜಿಗುಟು. ಇಂಧನವೇ ಕಲಬೆರಕೆ ಅಂದುಕೊಂಡು ಎರಡು ದಿನ ಸುಮ್ನೆ ಬೈದೆ. ಆದರೆ ತಪ್ಪು ಇಂಧನದ್ದಲ್ಲ. ಬಯೋಡೀಸೆಲ್‌ಗೆ ಕೊಳೆ ಕರಗಿಸುವ ಗುಣ ಇದೆ. ಹತ್ತು ವರ್ಷದಿಂದ ಟ್ಯಾಂಕಿನ ತಳದಲ್ಲಿ ಕೂತಿದ್ದ ಡೀಸೆಲ್ ಗಸಿಯನ್ನು ಅದು ಎಬ್ಬಿಸಿ ತಂದು ಫಿಲ್ಟರಿಗೆ ಕೊಡುತ್ತಿತ್ತು. ಹೊಸ ಬಸ್ಸುಗಳಲ್ಲಿ ಈ ಕಾಟ ಇರಲಿಲ್ಲ, ಹಳೆಯವು ಮಾತ್ರ ದಾರಿಯಲ್ಲಿ ನಿಂತವು.

ಆಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಬಿ20 ಹಾಕುವ ಮೊದಲು ಟ್ಯಾಂಕಿನ ಡ್ರೈನ್ ಪ್ಲಗ್ ಬಿಚ್ಚಿ ಗಸಿ ತೆಗೆಯುವುದು. ಮೊದಲ ತಿಂಗಳು ಫಿಲ್ಟರ್ ಬೇಗ ಬೇಗ ಬದಲಿಸುವುದು. ಹಳೇ ರಬ್ಬರ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ, ಮುಟ್ಟಿ ನೋಡಿ ಕಿತ್ತು ಹಾಕುವುದು. ಬೆರೆಸುವಾಗ ಮೊದಲು ಡೀಸೆಲ್, ಅದರ ಮೇಲೆ ಬಯೋಡೀಸೆಲ್. ಬಯೋಡೀಸೆಲ್ ತೂಕ ಜಾಸ್ತಿ, ಮೇಲಿಂದ ಸುರಿದರೆ ತಾನಾಗಿ ಇಳಿದು ಬೆರೆಯುತ್ತದೆ. ಉಲ್ಟಾ ಮಾಡಿದರೆ ತಳದಲ್ಲೇ ಕೂರುತ್ತದೆ. ನೀರನ್ನೂ ಡೀಸೆಲ್‌ಗಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ದಿನಾ ಅಳತೆ ಕೋಲಿನ ತುದಿಗೆ, ನೀರು ತಗುಲಿದರೆ ಬಣ್ಣ ಬದಲಿಸುವ ವಾಟರ್ ಪೇಸ್ಟ್ ಹಚ್ಚಿ ಸ್ಟಾಕ್ ಟ್ಯಾಂಕಿಗೆ ಇಳಿಸುತ್ತಿದ್ದೆ. ಬಣ್ಣ ಬದಲಾಯಿತೋ, ಆ ದಿನ ಪಂಪ್ ಬಂದ್.

ಡಿಸೆಂಬರಿನಲ್ಲಿ ಇನ್ನೊಂದು ಪಾಠ. ಬೆರೆಸುವ ಮುಂಚಿನ ಬಯೋಡೀಸೆಲ್ ಬೆಳಗಿನ ಚಳಿಗೆ ಮಂದವಾಗಿಬಿಟ್ಟಿತ್ತು, ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ. ಪಾಮ್ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಹಾಗೇ. ಬಿಸಿಲೇರುವ ತನಕ ಕಾಯಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕರ್ನಾಟಕ 2009ರಲ್ಲೇ ಜೈವಿಕ ಇಂಧನ ನೀತಿ ತಂದಿತು. ಅದಕ್ಕೊಂದು ಮಂಡಳಿ ಇದೆ, ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆ, ಹಿಪ್ಪೆ, ಬೇವು ಅಂತ ಕೇಳಿ ಕೇಳಿ ನಮಗೂ ಆಸೆ ಹುಟ್ಟಿತ್ತು. ನಮ್ಮ ಅಜ್ಜನ ಹೊಲದ ಬದುವಿನಲ್ಲೂ ಹೊಂಗೆ ಮರ ಇದ್ದವು. ಆದರೆ ನಮ್ಮ ಟ್ಯಾಂಕರಿನಲ್ಲಿ ಬಂದದ್ದು ಪಾಮ್ ಎಣ್ಣೆಯದು, ಇಲ್ಲವೇ ಕರಿದ ಎಣ್ಣೆಯದು. ಕಾಯಿ ಆಯಲು ಕೂಲಿ ಕೊಟ್ಟು, ಒಣಗಿಸಿ, ಸಿಪ್ಪೆ ಬಿಡಿಸಿ, ಗಾಣಕ್ಕೆ ಸಾಗಿಸಿ ಡೀಸೆಲ್ ರೇಟಿಗೆ ಕೊಡು ಅಂದರೆ ಯಾವ ರೈತ ಕೊಡುತ್ತಾನೆ?

ರೇಟಿನ ಕಥೆಯೂ ಅಷ್ಟೇ. ಅನುಮತಿ ಸಿಕ್ಕ ಹೊತ್ತಿಗೆ ಕಚ್ಚಾ ತೈಲದ ಬೆಲೆಯೇ ಕುಸಿದಿತ್ತು, ಡೀಸೆಲ್‌ಗೆ ಹೋಲಿಸಿದರೆ ಸಿಗುವ ಉಳಿತಾಯ ತೆಳ್ಳಗಾಯಿತು. 2017ರಲ್ಲಿ ಜಿಎಸ್‌ಟಿ ಬಂತು. ಡೀಸೆಲ್ ಅದರ ಹೊರಗೆ, ಬಯೋಡೀಸೆಲ್ ಒಳಗೆ, ಅದೂ ಶೇ. 18. 2018ರ ಜನವರಿಯಲ್ಲಿ ಶೇ. 12ಕ್ಕೆ ಇಳಿಸಿದರು. 2021ರಲ್ಲಿ ಶೇ. 5 ಮಾಡಿದರು, ಆದರೆ ಅದು ತೈಲ ಕಂಪನಿಗಳು ಡೀಸೆಲ್‌ಗೆ ಬೆರೆಸಲು ಕೊಳ್ಳುವುದಕ್ಕೆ. ಎಸಿ ಇಲ್ಲದ ಬಸ್ಸಿನ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲವಲ್ಲ, ಹಾಗಾಗಿ ಇಂಧನಕ್ಕೆ ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ಕಳೆದುಕೊಳ್ಳುವ ಹಾಗೂ ಇಲ್ಲ, ವಾಪಸ್ಸೂ ಬರುವುದಿಲ್ಲ. ಹೆಚ್ಚುವರಿ ಫಿಲ್ಟರ್, ಹೋಸ್‌ಗಳಿಗೆ ದುಡ್ಡು ಯಾವ ಲೆಕ್ಕದಲ್ಲೂ ಇರಲಿಲ್ಲ. ಬೇರೆ ಬಸ್ಸುಗಳಿಗೆ ಬಂದದ್ದನ್ನು ಕೇಳಿ ಪಡೆಯುತ್ತಿದ್ದೆ.

ಕೊನೆಗೆ ಟ್ಯಾಂಕರ್ ಬರುವುದು ತಡವಾಗತೊಡಗಿತು. ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲವೇ ಇಲ್ಲ. ನಿಲ್ಲಿಸಿ ಅಂತ ಆರ್ಡರ್ ಬಂದದ್ದು ನನಗೆ ನೆನಪಿಲ್ಲ. ಒಂದು ದಿನ ಬಯೋಡೀಸೆಲ್ ಟ್ಯಾಂಕಿನಲ್ಲಿ ಕೋಲು ಇಳಿಸಿದೆ, ಒಣಗೇ ಮೇಲೆ ಬಂತು.