ದುಬೈಗೆ ಹೊರಟಿದ್ದೀರಾ? ಮನೆಗಿಂತ ಮೊದಲು ಏರಿಯಾ ಗೊತ್ತುಮಾಡಿಕೊಳ್ಳಿ

ಆಫರ್ ಲೆಟರ್ ಕೈಗೆ ಬಂದ ರಾತ್ರಿಯೇ ದುಬೈ ಮನೆಗಳ ಫೋಟೊ ನೋಡಲು ಕೂರುವವರೇ ಹೆಚ್ಚು. ಮರೀನಾದ ಗಾಜಿನ ಗೋಪುರ, ಕೆಳಗೆ ಈಜುಕೊಳ, ಬಾಲ್ಕನಿಗೆ ಸಮುದ್ರದ ಗಾಳಿ. ಬೆಳಿಗ್ಗೆ ಅಲ್ಲಿಂದ ಹೊರಬೀಳಲು ಕಾಯುವ ಕಾರುಗಳ ಸಾಲು ಫೋಟೊದಲ್ಲಿ ಬರುವುದಿಲ್ಲ. ಇಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ಹಿಡಿಸಲಿಲ್ಲ ಎಂದು ನಡುವೆ ಬಿಟ್ಟರೆ ಕರಾರಿನಲ್ಲಿರುವಂತೆ ದಂಡ ತೆರಬೇಕು. ಹಾಗಾಗಿ ಏರಿಯಾ ಹುಡುಕುವ ಕೆಲಸವನ್ನು ಫೋಟೊ ಬಿಟ್ಟು ರಸ್ತೆಯಿಂದ ಶುರುಮಾಡಿ.

ಒಂದು: ಆಫೀಸು, ಶಾಲೆ ಎರಡನ್ನೂ ನಕಾಶೆಯಲ್ಲಿ ಗುರುತಿಸಿ

ದುಬೈ ಕರಾವಳಿಯುದ್ದಕ್ಕೂ ಚಾಚಿಕೊಂಡ ಊರು. ದೇರಾದಿಂದ ಜೆಬೆಲ್ ಅಲಿಗೆ ಸುಮಾರು 40 ಕಿಲೋಮೀಟರ್. ಆಫೀಸು ಜೆಬೆಲ್ ಅಲಿ ಫ್ರೀ ಜೋನ್‌ನಲ್ಲಿದ್ದರೆ, ನೆಂಟರೆಲ್ಲ ಕುಸೈಸ್‌ನಲ್ಲಿದ್ದಾರೆ ಎಂದು ಅಲ್ಲಿ ಮನೆ ಮಾಡುವುದು ದಿನಾ ಊರಿನ ಈ ತುದಿಯಿಂದ ಆ ತುದಿಗೆ ಓಡಿದಂತೆ. ಅಂಥವರು ಡಿಸ್ಕವರಿ ಗಾರ್ಡನ್ಸ್, ಜೆಎಲ್‌ಟಿ (ಜುಮೇರಾ ಲೇಕ್ಸ್ ಟವರ್ಸ್) ಕಡೆ ನೋಡಲಿ.

ಮಕ್ಕಳಿದ್ದರೆ ಆಫೀಸಿಗಿಂತ ಶಾಲೆಗೆ ಹೆಚ್ಚು ತೂಕ ಕೊಡಿ ಎನ್ನುತ್ತೇನೆ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಹೆಸರಾದ ಶಾಲೆಗಳಲ್ಲಿ ಸೀಟು ಸಿಗುವುದೇ ಕಷ್ಟ. ಊದ್ ಮೇಥಾದಲ್ಲಿ 1961ರಲ್ಲಿ ಶುರುವಾದ ಇಂಡಿಯನ್ ಹೈಸ್ಕೂಲ್ ಇದೆ. ಅಲ್ ಕುಸೈಸ್, ಅಲ್ ವರ್ಕಾ, ಜೆಬೆಲ್ ಅಲಿಯ ಗಾರ್ಡನ್ಸ್ ಕಡೆಯೂ ನಮ್ಮವರು ಸೇರಿಸುವ ಶಾಲೆಗಳಿವೆ. ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ ಪ್ರಕಟಿಸಿರುವ ಶಾಲೆಗಳ ತಪಾಸಣಾ ವರದಿ ಓದಿ. ಸೀಟು ಗಟ್ಟಿಯಾಗದೆ ಮನೆಗೆ ಮುಂಗಡ ಕೊಡಬೇಡಿ.

ಎರಡು: ಮೆಟ್ರೊ ಹತ್ತಿರ ಎಂದರೆ ಎಷ್ಟು ಹತ್ತಿರ?

2009ರಲ್ಲಿ ಕೆಂಪು ಮಾರ್ಗ, 2011ರಲ್ಲಿ ಹಸಿರು ಮಾರ್ಗ ಬಂದವು. ಕಾರಿಲ್ಲದವರಿಗೆ ಇವೇ ಆಧಾರ. ಯೂನಿಯನ್, ಬರ್ಜುಮಾನ್ ನಿಲ್ದಾಣಗಳಲ್ಲಿ ಎರಡೂ ಕೂಡುತ್ತವೆ. ಬರ್ಜುಮಾನ್ ಸುತ್ತಿನ ಕರಾಮಾ, ಬರ್ ದುಬೈಗೆ ಬೆಲೆ ಇರುವುದು ಇದರಿಂದಲೇ.

‘ಮೆಟ್ರೊಗೆ ಐದೇ ನಿಮಿಷ’ ಎಂಬ ಏಜೆಂಟ್ ಮಾತನ್ನು ಡಿಸೆಂಬರ್‌ನಲ್ಲಿ ಪರೀಕ್ಷಿಸಿದರೆ ಉಪಯೋಗವಿಲ್ಲ. ಬಿಸಿಲು ಎಷ್ಟೆಂದರೆ, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನು ಸರ್ಕಾರವೇ ನಿಷೇಧಿಸಿದೆ. ಮಂಗಳೂರಿನ ಸೆಕೆ ಕಂಡವರೂ ಇಲ್ಲಿ ಹತ್ತು ಹೆಜ್ಜೆಗೆ ಒದ್ದೆಯಾಗುತ್ತಾರೆ. ನೆರಳು ಎಲ್ಲಿದೆ, ದೊಡ್ಡ ರಸ್ತೆಗೆ ಮೇಲ್ಸೇತುವೆ ಇದೆಯೇ, ಫೀಡರ್ ಬಸ್ ಎಷ್ಟು ಹೊತ್ತಿಗೊಂದು ಎಂದು ನೋಡಿಕೊಳ್ಳಿ. ಇಂಟರ್‌ನ್ಯಾಷನಲ್ ಸಿಟಿ, ಸಿಲಿಕಾನ್ ಓಯಸಿಸ್ ಕಡೆ ಹೋಗುವ ನೀಲಿ ಮಾರ್ಗಕ್ಕೆ 2029ರ ಗುರಿ ಇದೆ. ಅದರ ಹೆಸರಲ್ಲಿ ಇವತ್ತೇ ಹೆಚ್ಚು ಬಾಡಿಗೆ ಕೇಳಿದರೆ ನಕ್ಕು ಮುಂದೆ ಹೋಗಿ.

ಮೂರು: ಬಾಡಿಗೆ ಬಿಟ್ಟು ಉಳಿದ ಖರ್ಚು ಬರೆಯಿರಿ

ಹೊಸಬರ ಕೈ ಸುಡುವುದು ಇಲ್ಲೇ. ವರ್ಷಕ್ಕೆ 60,000 ದಿರ್ಹಮ್ ಬಾಡಿಗೆಯ ಖಾಲಿ ಫ್ಲಾಟ್ ಎಂದುಕೊಳ್ಳಿ. ವಾಡಿಕೆಯಂತೆ ಡೆಪಾಸಿಟ್ ಶೇ 5, ಅಂದರೆ 3,000. ಪೀಠೋಪಕರಣ ಇದ್ದರೆ ಶೇ 10. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ಇನ್ನೊಂದು ಶೇ 5, ಅದರ ಮೇಲೆ ವ್ಯಾಟ್. ವಿದ್ಯುತ್ತು–ನೀರು ಒದಗಿಸುವ ಸಂಸ್ಥೆ ‘ದೇವಾ’ದ ಸಂಪರ್ಕಕ್ಕೆ ಫ್ಲಾಟಾದರೆ 2,000 ಠೇವಣಿ. ವರ್ಷದ ಬಾಡಿಗೆಯನ್ನು ನಾಲ್ಕು ಚೆಕ್ಕುಗಳಲ್ಲಿ ಕೊಡಲು ಮಾಲೀಕರು ಒಪ್ಪಿದರೆ ಮೊದಲ ಕಂತು 15,000. ಅಲ್ಲಿಗೆ ಸಾಮಾನು ಕೊಳ್ಳುವ ಮೊದಲೇ 23,000 ದಾಟಿತು. ಮೇಲೆ ವಾರ್ಷಿಕ ಬಾಡಿಗೆಯ ಶೇ 5ರಷ್ಟು ನಗರಪಾಲಿಕೆಯ ಹೌಸಿಂಗ್ ಫೀ ಹನ್ನೆರಡು ಭಾಗವಾಗಿ ದೇವಾ ಬಿಲ್ಲಿನಲ್ಲಿ ಬರುತ್ತದೆ. ಈ ಲೆಕ್ಕಕ್ಕೆ ತಿಂಗಳಿಗೆ 250.

ಮುಂದಿನ ಪ್ರಶ್ನೆ ಚಿಲ್ಲರ್. ‘ಚಿಲ್ಲರ್ ಫ್ರೀ’ ಎಂದರೆ ತಂಪುಗಾಳಿಯ ಖರ್ಚು ಮಾಲೀಕರದ್ದು. ಇಲ್ಲದಿದ್ದರೆ ಹೊಸ ಬಡಾವಣೆಗಳಲ್ಲಿ ಹಲವು ಕಟ್ಟಡಗಳಿಗೆ ಒಂದೇ ಕಡೆಯಿಂದ ತಂಪು ಒದಗಿಸುವ ಡಿಸ್ಟ್ರಿಕ್ಟ್ ಕೂಲಿಂಗ್ ಕಂಪನಿಗೆ ಬೇರೆ ಬಿಲ್ಲು. ಅದರಲ್ಲಿ ಬಳಕೆಗೆ ಸಂಬಂಧವಿಲ್ಲದ ಒಂದು ಸ್ಥಿರ ಶುಲ್ಕವೂ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೀಗ ಹಾಕಿ ಊರಿಗೆ ಬಂದರೂ ಅದು ಓಡುತ್ತಲೇ ಇರುತ್ತದೆ. ಕಡಿಮೆ ಬಾಡಿಗೆಯ ಹೊಸ ಫ್ಲಾಟಿಗಿಂತ ಕರಾಮಾದ ಹಳೆ ಕಟ್ಟಡ ಅಗ್ಗವಾಗುವುದು ಹೀಗೆ.

ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಇಲ್ಲಿನ ನಿವಾಸಿಗಳ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ. ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಅಷ್ಟು ದಿನ ಹೋಟೆಲ್ ಅಪಾರ್ಟ್‌ಮೆಂಟಿನಲ್ಲೋ ಪರಿಚಯದವರ ಮನೆಯಲ್ಲೋ ಇದ್ದು ಊರು ಸುತ್ತಿ. ಹೇಗೂ ಕಾಯಲೇಬೇಕಾದ ಕಾಲ, ಹುಡುಕಾಟಕ್ಕೆ ಬಳಸಿಕೊಳ್ಳಿ.

ನಾಲ್ಕು: ಶಾರ್ಜಾದ ಆಸೆ

ಪಕ್ಕದ ಶಾರ್ಜಾದಲ್ಲಿ ಅಷ್ಟೇ ಹಣಕ್ಕೆ ಒಂದು ರೂಮು ಹೆಚ್ಚು ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಸುಳ್ಳಲ್ಲ. ಆದರೆ ಮೆಟ್ರೊ ಶಾರ್ಜಾಕ್ಕೆ ಹೋಗುವುದಿಲ್ಲ, ಎರಡೂ ಊರನ್ನು ಕೂಡಿಸುವ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ ಗಲ್ಫಿಗೆಲ್ಲ ಗೊತ್ತು. ದುಬೈ ರಸ್ತೆಗಳ ಸಾಲಿಕ್ ಟೋಲ್ 2025ರಿಂದ ಜನದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿಗೆ 6 ದಿರ್ಹಮ್. ಪೆಟ್ರೋಲು, ಟೋಲು, ದಿನದ ಎರಡು ಮೂರು ಗಂಟೆ ಸೇರಿಸಿ ನೋಡಿ. ಗಂಡ–ಹೆಂಡತಿ ಇಬ್ಬರೂ ದುಬೈಯಲ್ಲೇ ದುಡಿಯುವುದಾದರೆ ನಾನಂತೂ ಬೇಡ ಎನ್ನುತ್ತೇನೆ. ಆಫೀಸು ಶಾರ್ಜಾ ಕಡೆಗೇ ಇದ್ದರೆ ಮಾತು ಬೇರೆ.

ಐದು: ಎರಡು ಹೊತ್ತಿನಲ್ಲಿ ನೋಡಿ

ಕೆಲಸದ ದಿನ ಬೆಳಿಗ್ಗೆ ಏಳಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಹೋಗಿ. ರಾತ್ರಿ ಪಾರ್ಕಿಂಗ್ ಸಿಗುತ್ತದೆಯೇ ಎಂಬುದು ಕುಸೈಸ್, ಅಲ್ ನಹ್ದಾಗಳಲ್ಲಿ ದೊಡ್ಡ ಪ್ರಶ್ನೆ. ಗರ್ಹೂದ್ ಸುತ್ತ ವಿಮಾನದ ಸದ್ದು, ಇಂಟರ್‌ನ್ಯಾಷನಲ್ ಸಿಟಿಯ ಕೆಲವು ಭಾಗಗಳಿಗೆ ಗಾಳಿ ತಿರುಗಿದಾಗ ಕೊಳಚೆ ಘಟಕದ ವಾಸನೆ. ಕಟ್ಟಡದ ವಾಚ್‌ಮನ್ ಬಳಿ ನಾಲ್ಕು ಮಾತಾಡಿ. 2024ರ ಏಪ್ರಿಲ್ 16ರ ಮಳೆಗೆ ಬೇಸ್‌ಮೆಂಟಿಗೆ ನೀರು ನುಗ್ಗಿತ್ತೇ, ಲಿಫ್ಟ್ ಎಷ್ಟು ಸಲ ಕೆಡುತ್ತದೆ ಎಂದು ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ.

ಒಂಟಿಯಾಗಿ ಬರುವವರಿಗೆ ‘ಫ್ಯಾಮಿಲಿ ಓನ್ಲಿ’ ಕಟ್ಟಡಗಳು ಬಾಗಿಲು ತೆರೆಯುವುದಿಲ್ಲ. ಹಾಗೆಂದು ಪ್ಲೈವುಡ್ ಅಡ್ಡ ಕಟ್ಟಿದ ಪಾರ್ಟಿಷನ್ ರೂಮಿಗೆ ಹೋಗಬೇಡಿ. 2025ರಲ್ಲಿ ಅಲ್ ರಿಗ್ಗಾ, ಸತ್ವಾ, ಅಲ್ ಬರ್ಶಾ ಮೊದಲಾದ ಕಡೆ ನಗರಪಾಲಿಕೆ ಇಂಥವನ್ನು ತೆರವು ಮಾಡಿಸಿತು.

ಗುಡಿ, ಚರ್ಚಿನ ವಿಳಾಸವನ್ನೂ ಹೊಸದಾಗಿ ವಿಚಾರಿಸಿ. ಬರ್ ದುಬೈಯಲ್ಲಿದ್ದ ಶಿವಾಲಯ 2024ರ ಜನವರಿಯಲ್ಲಿ ಜೆಬೆಲ್ ಅಲಿಗೆ ಹೋಯಿತು. ಕರಾವಳಿಯ ಕ್ರೈಸ್ತರು ಸೇರುವ ಸೇಂಟ್ ಮೇರೀಸ್ ಊದ್ ಮೇಥಾದಲ್ಲೇ ಇದೆ. ತಾಜಾ ಮೀನು ಬೇಕಾದರೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಇದೆ, ಅದಕ್ಕಾಗಿ ಏರಿಯಾ ಬದಲಿಸಬೇಕಿಲ್ಲ.

ಆರು: ಸಹಿ ಹಾಕುವಾಗ

ಏಜೆಂಟ್‌ನ ರೇರಾ ಕಾರ್ಡು (ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ಕೊಡುವ ಗುರುತಿನ ಚೀಟಿ), ಮಾಲೀಕರ ಟೈಟಲ್ ಡೀಡ್ (ಹಕ್ಕುಪತ್ರ) ಎರಡನ್ನೂ ನೋಡದೆ ಚೆಕ್ ಬರೆಯಬೇಡಿ. ಕರಾರು ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಣಿಯಾಗಬೇಕು, ದೇವಾ ಸಂಪರ್ಕಕ್ಕೂ ಕುಟುಂಬದ ವೀಸಾಕ್ಕೂ ಆ ನೋಂದಣಿಯನ್ನೇ ಕೇಳುತ್ತಾರೆ. ಬಾಡಿಗೆ ಏರಿಸಬೇಕಾದರೆ ಕರಾರು ಮುಗಿಯುವ 90 ದಿನ ಮೊದಲು ತಿಳಿಸಬೇಕು. ಭೂ ಇಲಾಖೆಯ ಬಾಡಿಗೆ ಸೂಚ್ಯಂಕಕ್ಕೆ ಹೋಲಿಸಿದರೆ ನಿಮ್ಮ ಬಾಡಿಗೆ ಶೇ 10ರೊಳಗೆ ಮಾತ್ರ ಕಡಿಮೆ ಇದ್ದರೆ ಏರಿಸುವಂತೆಯೇ ಇಲ್ಲ. ಎಷ್ಟೇ ಕಡಿಮೆ ಇದ್ದರೂ ಏರಿಕೆಗೆ ಶೇ 20ರ ಮಿತಿ. ಕೀ ಸಿಕ್ಕ ದಿನ ಗೋಡೆ, ಎಸಿ, ನಲ್ಲಿಗಳ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಡಿ. ಬಿಡುವಾಗ ಡೆಪಾಸಿಟ್ ವಾದ ಬಂದರೆ ತೋರಿಸಲು ಬೇಕಾಗುತ್ತದೆ.